ರುಕ್ಮಿಣಿಯಮ್ಮನ ಗಾಡಿ ಇದೋ, ಅದೋ?

ಎಂಬತ್ತೇಳನೇ ಇಸವಿಯ ಚಳಿಗಾಲ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರನ್ನು ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದೆವು. ನಾನು ಅಲ್ಲಿ ಬ್ಯಾಂಕಿನಲ್ಲಿದ್ದೆ. ಹುಟ್ಟೂರು ಬಾಗಲಕೋಟೆ. ವರ್ಗಾವಣೆ ನನ್ನನ್ನು ಮೊದಲು ನಾಸಿಕಕ್ಕೆ ಒಗೆದಿತ್ತು, ಆಮೇಲೆ ಅಲ್ಲಿಂದ ಎತ್ತಿ ಇಲ್ಲಿಗೆ. ಜನರನ್ನು ಮಂಗ ಮಾಡುವುದರಲ್ಲಿ ನನ್ನ ಸಮಾನ ಯಾರೂ ಇರಲಿಲ್ಲ. ಜಂಬ ಅನ್ನಬೇಡಿ. ನನ್ನ ಜೊತೆ ಕೆಲಸ ಮಾಡಿದವರನ್ನು ಕೇಳಿ ನೋಡಿ, ಇನ್ನೂ ಬೈಯುತ್ತಾರೆ. ಅಂಥ ನಾನೇ ಒಂದು ಸಲ ಮಂಗ ಆದೆನೋ ಇಲ್ಲವೋ ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ನಾಸಿಕದಲ್ಲಿದ್ದಾಗ ನನ್ನ ಊಟ ತಿಂಡಿಯೆಲ್ಲ ರುಕ್ಮಿಣಿಯಮ್ಮನ ಹೋಟೆಲಿನಲ್ಲಿ. ಕುಂದಾಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗ ಸುಧಾಕರ ಗಲ್ಲಾದಲ್ಲಿ ಕೂರುತ್ತಿದ್ದ, ಅಡುಗೆಮನೆಯ ರಾಜ್ಯಭಾರ ಅಮ್ಮನದೇ. ಒಮ್ಮೆ ನಾನು ಮರಾಠಿಯಲ್ಲಿ ದನಿ ಬದಲಿಸಿ, ಅಡುಗೆಮನೆ ತಪಾಸಣೆಗೆ ಬರುವ ಸಾಹೇಬ ಎಂದು ಫೋನ್ ಮಾಡಿದ್ದೆ. ಸುಧಾಕರ ಮಧ್ಯಾಹ್ನದವರೆಗೂ ಗೋಡೆ ಉಜ್ಜಿಸಿದ. ಸಂಜೆ ಕಾಫಿಗೆ ಹೋಗಿ, "ಏನ್ರೀ ಸುಧಾಕರ್, ಇವತ್ತು ಹೋಟೆಲ್ಲು ಫಳಫಳ ಹೊಳಿಲಿಕ್ಕತ್ತದ?" ಎಂದು ಕೇಳಿದೆ. ರುಕ್ಮಿಣಿಯಮ್ಮ ಒಳಗಿನಿಂದಲೇ, "ಸಾಹೇಬರಿಗೆ ಸಕ್ಕರೆ ಕಮ್ಮಿ ಹಾಕು ಮಾರಾಯ, ಬಾಯಿ ಈಗಲೇ ಸಿಹಿ ಉಂಟು" ಎಂದರು. ಅವರಿಗೆ ಮಾತ್ರ ನನ್ನ ದನಿ ಗುರುತು ಸಿಕ್ಕಿತ್ತು.

ಹೋಟೆಲಿನ ಹಿಂದೆಯೇ ಅವರ ಮನೆ. ಮನೆಯ ಪಕ್ಕದ ಶೆಡ್ಡಿನಲ್ಲಿ ಅವರ ಯಜಮಾನರ ವಿಲಾಯತಿ ಕಾರು ನಿಂತಿತ್ತು. ಹೋಟೆಲು ಕೈಹಿಡಿದ ಕಾಲದಲ್ಲಿ ಕೊಂಡಿದ್ದು. ಗುಂಡಗುಂಡಗೆ ಆಮೆಯ ಹಾಗೆ. ಯಜಮಾನರು ಹೋದ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಅಡುಗೆಮನೆಯ ಹಬೆ ಹೋಗುವ ಕೊಳವೆ ನೇರ ಆ ಶೆಡ್ಡಿಗೇ ಬಾಯಿ ತೆರೆದಿದ್ದರಿಂದ ಕಾರಿನ ಬಲಮಗ್ಗುಲು ಇಡ್ಲಿಯ ಹಾಗೆ ವರ್ಷಗಟ್ಟಲೆ ಬೆಂದು ತೂತು ಬಿದ್ದಿತ್ತು.

ನಾನು ಔರಂಗಾಬಾದಿಗೆ ಬಂದ ಮೇಲೆ ಸುಧಾಕರನ ಮಗಳು ವಿದ್ಯಾಳ ಮದುವೆ ಗೊತ್ತಾಯಿತು. ಅಮ್ಮ ಫೋನ್ ಮಾಡಿದರು. "ಕುಲಕರ್ಣಿಯವರೇ, ನಿಮ್ಮ ಊರಲ್ಲಿ ಗಾಡಿ ರಿಪೇರಿಯವರು ಒಳ್ಳೆಯವರು ಉಂಟಂತಲ್ಲ. ಇವರು ಸಾಯುವ ಮೊದಲು ವಿದ್ಯಾಳಿಗೆ ಮಾತು ಕೊಟ್ಟಿದ್ರು, ಮದುವೆ ಮಂಟಪಕ್ಕೆ ನಿನ್ನನ್ನು ಈ ಕಾರಲ್ಲೇ ಕರ್ಕೊಂಡು ಹೋಗ್ತೇನೆ ಅಂತ. ಅವರಂತೂ ಇಲ್ಲ. ಕಾರಾದ್ರೂ ಹೋಗಲಿ."

"ಅಮ್ಮಾ, ನೀವೇನೂ ಕಾಳಜಿ ಮಾಡಬ್ಯಾಡ್ರಿ. ಮದುವಣಗಿತ್ತಿಗಿಂತ ಗಾಡೀನ ಚಂದ ಕಾಣಬೇಕು, ಹಂಗ ಮಾಡಿ ತರ್ತೀನಿ" ಎಂದೆ.

ನಾಸಿಕದಲ್ಲಿ ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯೊಂದು ಕಾರನ್ನು ನಮ್ಮ ಊರಂಚಿನ ಚಿಕಲಠಾಣಾಕ್ಕೆ ತಂದು ಇಳಿಸಿತು. ಅಲ್ಲಿ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಒಬ್ಬ ಉಸ್ತಾದ್ ಇದ್ದ. ಕಾರಿನ ಮೈ ಕಟ್ಟುವುದೇ ಅವನ ಕಸುಬು. ಬಾಗಿಲಿನ ಅಡಿಗೆ ಬೆರಳು ಒತ್ತಿದ. ಬೆರಳು ಒಳಗೇ ಹೋಯಿತು.

"ಸಾಬ್, ಯೇ ಪತ್ರಾ ನಹೀ, ಪಾಪಡ್ ಹೈ!" ಎಂದು ನಕ್ಕ. ತಗಡಲ್ಲ, ಹಪ್ಪಳವಂತೆ.

ಒಂದು ಬಾಗಿಲು, ಒಂದು ಮಡ್ಗಾರ್ಡು ಬದಲಿಸಿದರೆ ಸಾಕು ಎಂದು ಹೋಗಿದ್ದೆ. ಆದರೆ ತುಕ್ಕು ಕತ್ತರಿಸುತ್ತ ಹೋದಂತೆ ಅದು ಇನ್ನೂ ಒಳಗೆ ಇತ್ತು. ಬಲಗಡೆಯದಷ್ಟೂ ಹೋಯಿತು. ನೆಲ ಹೋಯಿತು. ಹಿಂದಿನ ಡಿಕ್ಕಿ ಹೋಯಿತು. ಎಡಮಗ್ಗುಲು ಸ್ವಲ್ಪ ನೆಟ್ಟಗಿತ್ತು. ಉಸ್ತಾದ್ ಅದರ ಮೇಲೆ ದಪ್ಪ ಕಾಗದ ಒತ್ತಿ ಅಚ್ಚು ತೆಗೆದ, ಕಾಗದ ಮಗುಚಿ ಹಾಕಿ ಅದೇ ಅಳತೆಯಲ್ಲಿ ಬಲಗಡೆಗೆ ಹೊಸ ಪತ್ರಾ ಕತ್ತರಿಸಿದ. ಮರಳು ತುಂಬಿದ ಚರ್ಮದ ಚೀಲದ ಮೇಲೆ ಪತ್ರಾ ಇಟ್ಟು ಮರದ ಕೊಡತಿಯಿಂದ ಬಡಿಯುತ್ತಿದ್ದರೆ ಚಪ್ಪಟೆ ತಗಡು ಬೋಗುಣಿಯ ಹಾಗೆ ಮೆಲ್ಲಗೆ ಉಬ್ಬುತ್ತಿತ್ತು. ಬಲಗಡೆ ಮುಗಿದ ಮೇಲೆ ಹೊಸದರ ಮುಂದೆ ಎಡಗಡೆ ಬಡವಾಗಿ ಕಂಡಿತು. ಅದನ್ನೂ ತೆಗೆಸಿಬಿಟ್ಟೆ. ಛಾವಣಿ ಯಾಕೆ ಬಿಡಬೇಕು? ಅದೂ ಹೋಗಲಿ.

ಭಾನುವಾರಗಳಂದು ಹೋಗಿ ನೋಡುತ್ತಿದ್ದೆ. ಗೋಡೆಯ ಹತ್ತಿರ ಕಿತ್ತ ತಗಡಿನ ಗುಡ್ಡೆ ಬೆಳೆಯುತ್ತಿತ್ತು. ಬಾಗಿಲು, ಮಡ್ಗಾರ್ಡು, ಬಾನೆಟ್ಟು ಎಲ್ಲ ಅಲ್ಲೇ. ದೂರದಿಂದ ನೋಡಿದರೆ ಗುಡ್ಡೆಯೇ ಅಮ್ಮನ ಕಾರಿನ ಹಾಗೆ ಕಾಣುತ್ತಿತ್ತು. ಇತ್ತ ನಿಂತಿದ್ದು ಬೆಳ್ಳಗೆ ಹೊಳೆಯುವ, ನನಗೆ ಪರಿಚಯವೇ ಇಲ್ಲದ ಒಂದು ವಸ್ತು.

"ಉಸ್ತಾದ್, ನಮ್ಮ ಅಮ್ಮಾಜಿ ಗಾಡಿ ಇದರಾಗ ಯಾವುದು? ಇದೋ, ಅದೋ?" ಎಂದು ನನ್ನ ಕನ್ನಡ ಹಿಂದಿಯಲ್ಲಿ ಕೇಳಿದೆ.

ಅವನೂ ಕೊಡತಿ ಕೆಳಗಿಟ್ಟು ಎರಡನ್ನೂ ನೋಡಿದ. "ಪತಾ ನಹೀ ಸಾಬ್" ಎಂದು ತಲೆ ಕೆರೆದುಕೊಂಡ. ಆಮೇಲೆ ಗುಡ್ಡೆಯನ್ನು ಗುಜರಿಯವನು ಹೊತ್ತುಕೊಂಡು ಹೋದ. ಇಂಜಿನ್ ಮಾತ್ರ ಹಳೆಯದೇ. ಅದನ್ನು ಪಕ್ಕದ ಮೆಕ್ಯಾನಿಕ್ ಒರೆಸಿ, ಎಣ್ಣೆ ಬದಲಿಸಿ ಕೂರಿಸಿದ. ಸೀಟಿಗೆ ಹೊಸ ರೆಕ್ಸಿನ್, ಹೊಸ ಹಾರ್ನು, ಮೈಗೆ ಹಳೆಯದೇ ಹಸಿರು ಬಣ್ಣ.

ಮದುವೆಯ ಹಿಂದಿನ ದಿನ ನಾನೇ ಓಡಿಸಿಕೊಂಡು ನಾಸಿಕಕ್ಕೆ ಹೊರಟೆ. ಗಂಗಾಪುರ ದಾಟಿದ ಮೇಲೆ ಎದುರಿಗೆ ಬಂದವರೆಲ್ಲ ತಿರುಗಿ ನೋಡುವವರೇ. ಹೆಮ್ಮೆಗೆ ನನ್ನ ತಲೆ ಕಾರಿನೊಳಗೆ ಹಿಡಿಸುತ್ತಿರಲಿಲ್ಲ. ಅಂಥ ಕೆಲಸ ಮಾಡಿಸಿದವನು ಸುಮ್ಮನೆ ಹೋಗಿ ಕೀಲಿ ಕೊಟ್ಟರೆ ಏನು ಚಂದ? ದಾರಿಯಲ್ಲೇ ಒಂದು ಕುಚೇಷ್ಟೆ ಹೊಳೆಯಿತು.

ಅಮ್ಮ ಅಂಗಳಕ್ಕೆ ಬಂದರು. ಚಪ್ಪರದ ಕೆಳಗೆ ನೆಂಟರೆಲ್ಲ ಎದ್ದು ನಿಂತರು. ನಾನು ಕಾರಿನಿಂದ ಇಳಿದು, ಹೆಗಲು ಇಳಿಬಿಟ್ಟು, ಸತ್ತ ಮನೆಗೆ ಬಂದವನ ಹಾಗೆ ಮುಖ ಮಾಡಿಕೊಂಡು ಹೇಳಿದೆ: "ಅಮ್ಮಾ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಗಾಡಿ ಉಳೀಲಿಲ್ಲ. ಪೂರಾ ತುಕ್ಕು ತಿಂದಿತ್ತು, ಗುಜರಿಗೆ ಹೋತು. ಅದರಂಗನ ಇರೋ ಇನ್ನೊಂದು ಹುಡುಕಿ ತಂದೀನಿ."

ಅವರ ಮುಖ ಬಾಡಬೇಕು, ಆಗ ನಾನು 'ಹೋಹೋ' ಎಂದು ನಕ್ಕು ನಿಜ ಹೇಳಬೇಕು, ಅವರು 'ಅಯ್ಯೋ ಪೋಕರಿ' ಎಂದು ಬೈದು ಹೋಳಿಗೆ ಬಡಿಸಬೇಕು. ಇದು ನನ್ನ ಲೆಕ್ಕ.

ಅಮ್ಮ ಕಾರಿನ ಸುತ್ತ ಒಂದು ಬಾರಿ ನಡೆದರು. ಬಾಗಿಲಿನ ಮೇಲೆ ಕೈ ಸವರಿದರು. "ಹೌದಾ... ಪಾಪ, ಅದಕ್ಕೂ ವಯಸ್ಸಾಗಿತ್ತು" ಎಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ತಿರುಗಿದರು. ಭುಜಗಳು ಅಲುಗುತ್ತಿದ್ದವು. ಹಾಗೇ ಒಳಗೆ ಹೋಗಿಬಿಟ್ಟರು.

ನನ್ನ 'ಹೋಹೋ' ಗಂಟಲಲ್ಲೇ ಉಳಿಯಿತು. ಹಿಂದೆ ಓಡಿದೆ. "ಅಮ್ಮಾ, ಮಷ್ಕಿರಿ ಮಾಡಿದೆ! ಇದು ನಿಮ್ಮದ ಗಾಡಿ ಅದರೀ!"

"ಬೇಡ ಕುಲಕರ್ಣಿಯವರೇ. ಸಮಾಧಾನಕ್ಕೆ ಹೇಳ್ತೀರಿ. ನನಗೆ ಗೊತ್ತಾಗ್ತದೆ."

"ದೇವರಾಣಿ ಅಮ್ಮಾ!"

"ತಪಾಸಣೆ ಸಾಹೇಬರಾಗಿದ್ದಾಗಲೂ ದೇವರಾಣೆ ಹಾಕಿದ್ರಿ ನೀವು, ಸುಧಾಕರ ಹೇಳಿದ್ದ" ಎಂದರು. "ನಾಳೆ ವಿದ್ಯಾ ಟ್ಯಾಕ್ಸಿಯಲ್ಲಿ ಹೋಗಲಿ. ಯಾರು ಯಾರೋ ಕೂತ ಗಾಡಿಯಲ್ಲಿ ಕಳಿಸಿ, ಇವರ ಮಾತು ನಡೆಸಿದೆ ಅಂತ ಸುಳ್ಳು ಹೇಳ್ಲಿಕ್ಕೆ ನನಗೆ ಮನಸ್ಸಿಲ್ಲ."

ಸುಧಾಕರನನ್ನು ಹಿಡಿದುಕೊಂಡೆ. "ಏನ್ರೀ, ನೀವಾದರೂ ಹೇಳ್ರೀ, ಇದು ನಿಮ್ಮ ಅಪ್ಪಾರ ಗಾಡಿ ಅಲ್ಲೇನು?"

ಅವನು ಬಾಗಿಲು ತೆರೆದ, ಹಾಕಿದ. "ನಮ್ಮ ಬಾಗಿಲು ಕಿರ್ ಅಂತಿತ್ತಲ್ಲ?"

"ಹೊಸಾ ಬಾಗಿಲದು!"

"ಸೀಟು ಕಂದು ಇತ್ತು."

"ಅದನ್ನೂ ಹೊಸಾದು ಹಾಕ್ಸೀನ್ರೀ!"

"ಹಾರ್ನು?"

"ಹೊಸಾದು!"

"ಮತ್ತೆ ಹಳೇದು ಎಂತದು ಉಂಟು ಮಾರಾಯ್ರೆ?"

ಯಾವ ಸಾಕ್ಷಿ ಬೇಕೆಂದು ಹುಡುಕಿದರೂ ಅದನ್ನು ನಾನೇ ಕಿತ್ತು ಎಸೆದಿದ್ದೆ. ಇಂಜಿನ್ ಹಳೆಯದೇ ಎಂದು ತೋರಿಸಿದೆ, ಒರೆಸಿ ಹೊಳೆಯುತ್ತಿದ್ದ ಅದೂ ಅವರ ಕಣ್ಣಿಗೆ ಹೊಸದೇ. ನಂಬರ್ ಪ್ಲೇಟು ತೋರಿಸಿದೆ. ಒಬ್ಬ ನೆಂಟರು, "ಪ್ಲೇಟು ಬಿಚ್ಚಿ ಬೇರೇದಕ್ಕೆ ಹಾಕ್ಲಿಕ್ಕೆ ಎಷ್ಟೊತ್ತು?" ಎಂದರು. ಕೊನೆಗೆ ಚಿಕಲಠಾಣಾದ ಉಸ್ತಾದನ ಪಕ್ಕದ ಅಂಗಡಿಗೆ ಟ್ರಂಕ್ ಕಾಲ್ ಹಚ್ಚಿ ಅವನನ್ನು ಕರೆಸಿದೆ. ರಿಸೀವರ್ ಅಮ್ಮನ ಕೈಗೆ ಕೊಟ್ಟು, "ನೀವ ಕೇಳ್ರಿ" ಎಂದೆ. ಉಸ್ತಾದನ ಹೆಮ್ಮೆಯ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಅಮ್ಮಾಜೀ, ಸಬ್ ನಯಾ! ಏಕ್ ಭೀ ಪುರಾನಾ ಪತ್ರಾ ನಹೀ ರಖಾ!"

ಹಳೆಯ ತಗಡು ಒಂದನ್ನೂ ಉಳಿಸಿಲ್ಲವಂತೆ! ಅಮ್ಮ ಫೋನ್ ಇಟ್ಟು ಅಡುಗೆಮನೆಗೆ ಹೋದರು.

ಆವತ್ತು ಮಧ್ಯಾಹ್ನ ನಾನು ಕಾರಿನೊಳಗೆ ಒಬ್ಬನೇ ಕುಳಿತೆ. ನನ್ನ ಜನ್ಮದಲ್ಲೇ ಅಷ್ಟು ಗಲಿಬಿಲಿಯಾಗಿರಲಿಲ್ಲ. ಮೊದಲು, ನಿಜ ಹೇಳಿದರೂ ಯಾರೂ ನಂಬುತ್ತಿಲ್ಲವಲ್ಲ ಎಂದು ಸಿಟ್ಟು. ಆಮೇಲೆ, ನಾನು ಹೇಳುತ್ತಿರುವುದು ನಿಜವೇ ಎಂಬ ಅನುಮಾನ. ಯಜಮಾನರು ಕೈ ಇಟ್ಟ ಬಾಗಿಲು ಗುಜರಿಯಲ್ಲಿದೆ. ವಿದ್ಯಾ ಮಗುವಾಗಿದ್ದಾಗ ಕುಣಿದ ಸೀಟೂ ಗುಜರಿಯಲ್ಲಿದೆ. ಹಾಗಾದರೆ ನಾನು ತಮಾಷೆಗೆಂದು ಹೇಳಿದ್ದೇ ನಿಜವಾಯಿತಲ್ಲ? ಅವರ ಗಾಡಿಯನ್ನು ಗುಜರಿಗೆ ಹಾಕಿ ಅದರಂಥದ್ದೇ ಇನ್ನೊಂದನ್ನು ತಂದಿದ್ದೇನಲ್ಲ? ಜನರಿಗೆ ಸುಳ್ಳು ಹೇಳಿ ಅಭ್ಯಾಸ ಇತ್ತು. ಹೇಳಿದ್ದು ಸುಳ್ಳೋ ನಿಜವೋ ನನಗೇ ಗೊತ್ತಾಗದ ಸ್ಥಿತಿ ಹೊಸದು.

ಮರುದಿನ ಬೆಳಿಗ್ಗೆ ನಾಸಿಕದ ಚಳಿ ಹಲ್ಲು ಕಟಕಟಿಸುವಂತಿತ್ತು. ಬಾಗಿಲಿಗೆ ಹೂ ಕಟ್ಟಿದ ಟ್ಯಾಕ್ಸಿ ಬಂದು ನಿಂತಿತು. ವಿದ್ಯಾ ಸೀರೆ, ದಂಡೆ, ಬಾಸಿಂಗ ಎಲ್ಲ ಸಂಭಾಳಿಸಿಕೊಂಡು ಹೊರಗೆ ಬಂದಳು. ಟ್ಯಾಕ್ಸಿ ನೋಡಿದಳು, ನನ್ನ ಕಾರು ನೋಡಿದಳು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತಿಗೆ ಅರ್ಧ ಮರಾಠಿ ಬೇಕು.

"ಅಜ್ಜನ ಗಾಡಿಯೋ ದುಸರೀ ಗಾಡಿಯೋ, ಮಲಾ ಮಾಹೀತ್ ನಾಹೀ, ನನಗೆ ಗೊತ್ತಿಲ್ಲ. ಕುಲಕರ್ಣಿ ಕಾಕಾ ಇಷ್ಟು ದೂರದಿಂದ ತಂದಿದ್ದಾರೆ ನಾ? ನಾನು ಇದರಲ್ಲೇ ಹೋಗ್ತೇನೆ. ಬಸ್!" ಎಂದು ಬಂದು ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು.

ನನಗೆ ಹೋದ ಜೀವ ಬಂತು. ಎದೆಯುಬ್ಬಿಸಿ ಕೀಲಿ ತಿರುಗಿಸಿದೆ. ಕಾರು 'ಕುಯ್ಯೋ' ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದೆ. ಮತ್ತೆ 'ಕುಯ್ಯೋ'. ಹಿಂದಿನ ದಿನ ದಾರಿಯುದ್ದಕ್ಕೂ ಒಮ್ಮೆ ಕೆಮ್ಮದಿದ್ದ ಗಾಡಿ!

"ಕುಲಕರ್ಣಿಯವರೇ, ಸಾಕು ನಾಟಕ. ಮುಹೂರ್ತ ಮೀರ್ತದೆ" ಎಂದ ಸುಧಾಕರ.

"ನಾಟಕ ಅಲ್ರೀ, ಖರೇನ ಚಾಲೂ ಆಗವಲ್ದು!"

ನೆಂಟರೆಲ್ಲ ನಗತೊಡಗಿದರು. ಒಬ್ಬರಂತೂ, "ಎಂಥ ಆಕ್ಟಿಂಗ್ ಮಾರಾಯ್ರೆ, ಬೆವರು ಸಹ ತರಿಸಿಕೊಂಡಿದ್ದಾರೆ" ಎಂದರು. ಆ ಚಳಿಯಲ್ಲಿ ನಾನು ನಿಜವಾಗಿ ಬೆವತಿದ್ದೆ. ಹಿಂದೆ ಕುಳಿತ ವಿದ್ಯಾಳ ಬಳೆ ಸದ್ದು ನಿಂತುಹೋಗಿತ್ತು. ಕನ್ನಡಿಯಲ್ಲಿ ನೋಡಿದರೆ ಹುಡುಗಿಯ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಜನರ ನಡುವೆ ದಾರಿಯಾಯಿತು. ರುಕ್ಮಿಣಿಯಮ್ಮ ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಸಾಂಬಾರಿನ ಉದ್ದ ಸೌಟು ಹಿಡಿದು, ಹೋಟೆಲಿನ ಹಿಂಬಾಗಿಲಿನಿಂದ ನೇರ ಕಾರಿನ ಹತ್ತಿರ ಬಂದರು.

"ಬಾನೆಟ್ಟು ಎತ್ತಿ" ಎಂದರು. ಎತ್ತಿದೆ. ಇಂಜಿನ್ನಿನ ಹಿಂದೆ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಡಬ್ಬಿ, ಪೆಟ್ರೋಲು ಎಳೆಯುವ ಹಳೆಯ ಪಂಪು. ಅಮ್ಮ ಸೌಟಿನ ಹಿಡಿಯಿಂದ ಅದರ ತಲೆಗೆ ಠಣ್ ಠಣ್ ಎಂದು ಎರಡು ಕೊಟ್ಟರು. ಒಳಗಿನಿಂದ 'ಟಿಕ್ ಟಿಕ್ ಟಿಕ್' ಎಂದು ಸದ್ದು ಬಂತು.

"ಈಗ ತಿರುಗಿಸಿ."

ತಿರುಗಿಸಿದೆ. ಗಾಡಿ ಹೊತ್ತಿಕೊಂಡಿತು.

"ಚಳಿ ಅಂದ್ರೆ ಆಗುವುದಿಲ್ಲ ಇದಕ್ಕೆ" ಎಂದರು ಅಮ್ಮ, ಸೆರಗಿನಿಂದ ಸೌಟು ಒರೆಸುತ್ತ. "ಇವರು ದಿನಾ ಬೆಳಿಗ್ಗೆ ಅಡುಗೆಮನೆಗೆ ಬಂದು ಸೌಟು ಕೇಳ್ತಿದ್ರು. ನಮ್ಮದೇ ಗಾಡಿ. ಇಂಥ ಮೊಂಡು ಬೇರೆ ಯಾರದ್ದೂ ಇರ್ಲಿಕ್ಕಿಲ್ಲ." ಎಂದವರೇ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತರು. ಟ್ಯಾಕ್ಸಿ ಖಾಲಿಯೇ ನಮ್ಮ ಹಿಂದೆ ಬಂತು. ದಾರಿಯಲ್ಲಿ ಅಮ್ಮ ಹೊಸ ಬಾಗಿಲಿನ ಮೇಲೆ ಮೊಣಕೈ ಊರಿ, ಎದುರಿಗೆ ಸಿಕ್ಕ ಗುರುತಿನವರಿಗೆಲ್ಲ ಕೈ ಎತ್ತುತ್ತಿದ್ದರು.

ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ನನ್ನ ತಲೆಗೆ ಏನೋ ಹೊಳೆದು ಕೈ ಅಲ್ಲೇ ನಿಂತಿತು. ಗಾಡಿ ಚಾಲೂ ಆಗುತ್ತಿಲ್ಲ ಎಂದು ಒಳಗೆ ಹೋಗಿ ಅಮ್ಮನಿಗೆ ಹೇಳಿದವರು ಯಾರು? ಯಾರೂ ಇಲ್ಲ. ಕುಯ್ಯೋ ಎಂದ ಸದ್ದು ಕೇಳಿಯೇ ಬಂದರು ಅನ್ನೋಣ. ಬೇರೆ ಯಾರದ್ದೋ ಗಾಡಿ ಎಂದು ನಂಬಿದವರು ಸೌಟು ಹಿಡಿದು ಯಾಕೆ ಬಂದರು? ಹಾಗಾದರೆ ಹಿಂದಿನ ದಿನ ಸೆರಗು ಬಾಯಿಗೆ ಒತ್ತಿಕೊಂಡಿದ್ದು ಅಳುವನ್ನು ತಡೆಯಲಿಕ್ಕೋ, ನಗುವನ್ನೋ?

ಎಲೆ ಬಿಟ್ಟು ಎದ್ದೆ. ತುಪ್ಪದ ಗಿಂಡಿ ಹಿಡಿದು ಪಂಕ್ತಿ ಸುತ್ತುತ್ತಿದ್ದ ಅಮ್ಮನನ್ನು ಕಂಬದ ಹತ್ತಿರ ಅಡ್ಡಗಟ್ಟಿದೆ. "ಅಮ್ಮಾ, ಖರೇ ಹೇಳ್ರಿ. ನಿನ್ನೇನ ನಿಮಗ ಗೊತ್ತಿತ್ತೇನು? ಇಲ್ಲಾಂದ್ರ ಕೈಯಾಗ ಸೌಟು ಹ್ಯಾಂಗ ಬಂತು?"

ರುಕ್ಮಿಣಿಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತುಟಿಯ ಒಂದು ತುದಿ ಕೂಡ ಅಲುಗಲಿಲ್ಲ.

"ಮದುವೆ ಮನೆ ಮಾರಾಯ್ರೆ. ಕೈಯಲ್ಲಿ ಸೌಟಲ್ಲದೆ ಕೋವಿ ಇರ್ತದಾ? ಕೂತ್ಕೊಳ್ಳಿ, ಹೋಳಿಗೆ ಆರ್ತದೆ."

ಆಮೇಲೆ ಎಷ್ಟು ಸಲ ಕೇಳಿದರೂ ಇದೇ ಉತ್ತರ, ಇದೇ ಮುಖ. ಅಮ್ಮನಿಗೆ ಮೊದಲೇ ಗೊತ್ತಿತ್ತು ಎನ್ನುತ್ತಾಳೆ ನನ್ನ ಹೆಂಡತಿ. ಸುಧಾಕರ, ಛೆ ಛೆ, ಅಮ್ಮ ಮದುವೆಯ ಹಿಂದಿನ ದಿನ ದುಃಖಕ್ಕೆ ಮಧ್ಯಾಹ್ನ ಊಟವನ್ನೇ ಮಾಡಿರಲಿಲ್ಲ ಎಂದು ಆಣೆ ಹಾಕುತ್ತಾನೆ. ನಾನು ಒಂದು ದಿನ ಇವಳ ಪಕ್ಷ, ಇನ್ನೊಂದು ದಿನ ಅವನ ಪಕ್ಷ. ನನಗೆ ಈಗ ಎಂಬತ್ತು ಹತ್ತಿರ ಬಂತು. ಮಂಗ ಮಾಡಿದ ಜನರ ಮುಖಗಳೆಲ್ಲ ಮಸುಕಾಗಿವೆ. ಕಂಬದ ಹತ್ತಿರ ಕಂಡ ಆ ಒಂದು ಮುಖ ಮಾತ್ರ ನಿನ್ನೆಯಷ್ಟೇ ಸ್ಪಷ್ಟ, ಅದನ್ನು ಇನ್ನೂ ಓದಲು ಬಂದಿಲ್ಲ.