ವಿಚಾರಣೆ ಕಿಟಕಿಯ ರೆಕಾರ್ಡು

ನಮ್ಮ ದೊಡ್ಡಮ್ಮ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಹತ್ತೊಂಬತ್ತು ವರ್ಷವಾಗಿತ್ತು. ಆ ಕಿಟಕಿಯ ಮಸುಕು ಗಾಜಿನಲ್ಲಿ ಅಂಗೈಯಗಲದ ಒಂದು ತೂತು. ಕೊರೆದವನು ಕುಳ್ಳನೋ, ಇಲ್ಲ ಅವನಿಗೆ ಪ್ರಯಾಣಿಕರ ಮೇಲೆ ಸಿಟ್ಟಿತ್ತೋ ಗೊತ್ತಿಲ್ಲ. ತೂತು ಹೊಟ್ಟೆಯ ಎತ್ತರಕ್ಕಿತ್ತು. ಏನು ಕೇಳಬೇಕಾದರೂ ಜನ ಸೊಂಟ ಬಗ್ಗಿಸಿ ಬಾಯನ್ನು ಅಲ್ಲಿಗೆ ಹಿಡಿಯಬೇಕು. ಹೀಗಾಗಿ ದೊಡ್ಡಮ್ಮ ದಿನವಿಡೀ ನೋಡುತ್ತಿದ್ದುದು ಬರೀ ಬಾಯಿಗಳನ್ನು. ಬೀದಿಯಲ್ಲಿ ಯಾರಾದರೂ ನಕ್ಕರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು. ಅವರು "ಏನ್ ಮೇಡಂ, ಚೆನ್ನಾಗಿದ್ದೀರಾ?" ಎಂದು ಬಾಯಿ ತೆರೆದರೆ ಸಾಕು, "ಓ, ಆರೂವರೆ ಬಸ್ಸು!" ಎಂದು ಗುರುತು ಹಿಡಿಯುತ್ತಿದ್ದಳು.

ಕಿವಿಗೆ ಬಿದ್ದ ದನಿಯೆಲ್ಲ ಅವಳ ಗಂಟಲಿಗೆ ಇಳಿದುಬಿಡುತ್ತಿತ್ತು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಆ ವಾರ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನಮ್ಮ ಮುಂದೆ ತಂದು ನಿಲ್ಲಿಸುತ್ತಿದ್ದಳು. ಬೀಗ ರಿಪೇರಿ ಅಂಗಡಿ ಇಟ್ಟಿದ್ದ ದೊಡ್ಡಪ್ಪ ನಗುತ್ತ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮುತ್ತಿದ್ದರು. ಆಗ ನಾನು ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿಕೊಂಡು ಅವರ ಮನೆಯಲ್ಲೇ ಇದ್ದೆ. ನನಗೂ ನಕ್ಕು ನಕ್ಕು ಪಕ್ಕೆ ಹಿಡಿದುಕೊಳ್ಳುತ್ತಿತ್ತು. ನಗದೆ ಇರುತ್ತಿದ್ದವಳು ಒಬ್ಬಳೇ, ದೊಡ್ಡಮ್ಮನ ಅತ್ತೆ. ನಾವೆಲ್ಲ ಅವಳನ್ನು ಅಜ್ಜಿ ಎನ್ನುತ್ತಿದ್ದೆವು. "ಊಟ ಮಾಡೋವಾಗ ಬಸ್ ಸ್ಟ್ಯಾಂಡನ್ನೆಲ್ಲ ಯಾಕೆ ಮನೆಗೆ ತರ್ತೀಯೆ?" ಎನ್ನುತ್ತಿದ್ದಳು. ಆದರೆ ಎದ್ದು ಮಾತ್ರ ಹೋಗುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲರ ಬಸ್ಸಿಗೆ ಹೋಗಬೇಕಿದ್ದ ಒಬ್ಬ ಮನುಷ್ಯ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ಹಾಡು, ಜಾಹೀರಾತು ಮುದ್ರಿಸುವ ಒಂದು ಪುಟ್ಟ ಸ್ಟುಡಿಯೋ ಅವನದು. ಕೂತವನಿಗೆ ಈ ಮಾತು ಕೇಳಿಸಿತು:

"ಮುಂದಿನ ಬಸ್ಸು ಎಷ್ಟೊತ್ತಿಗೆ?"

"ಇನ್ನು ಅರ್ಧ ಗಂಟೆಗೆ."

"ಅದಕ್ಕಿಂತ ಬೇಗ ಯಾವುದೂ ಇಲ್ವಾ?"

"ಇತ್ತು, ಈಗ ತಾನೇ ಹೋಯ್ತು."

"ಆಗ್ಲಿ, ಅದೇ ಸಾಕು ನಮಗೆ."

"ಸರಿ, ಹಾಗಾದ್ರೆ ಸ್ವಲ್ಪ ಜೋರಾಗಿ ಓಡಬೇಕಾಗುತ್ತೆ," ಎಂದಳು ದೊಡ್ಡಮ್ಮ, ದನಿಯಲ್ಲಿ ಒಂದಿಷ್ಟೂ ನಗುವಿಲ್ಲದೆ.

ಆ ಮನುಷ್ಯ ಎದ್ದು ಕಿಟಕಿಯ ಹತ್ತಿರ ಬಂದು ನಿಂತ. ಹತ್ತೂಕಾಲರ ಬಸ್ಸು ಹೋಯಿತು. ಹನ್ನೊಂದರದ್ದೂ ಹೋಯಿತು. ಊಟದ ಬಿಡುವಿಗೆ ದೊಡ್ಡಮ್ಮ ಕಿಟಕಿಗೆ ಹಲಗೆ ಸರಿಸಿ ಹಿಂಬಾಗಿಲಿನಿಂದ ಬಂದರೆ ಅವನು ಅಲ್ಲೇ ಇದ್ದ.

"ಮೇಡಂ, ನಿಮ್ಮಿಂದ ನಂಗೆ ಎರಡು ಬಸ್ಸು ತಪ್ಪಿತು."

"ದೂರು ಪುಸ್ತಕ ಒಳಗಿದೆ, ಕೊಡ್ಲಾ?"

"ಬೇಡ. ನನ್ನ ಸ್ಟುಡಿಯೋಗೆ ಬನ್ನಿ. ಇದನ್ನ ರೆಕಾರ್ಡ್ ಮಾಡೋಣ. ಹಾಡಿನ ರೆಕಾರ್ಡ್ ಬರುತ್ತಲ್ಲ, ಹಾಗೆ ನಗೋಕೆ ಒಂದು ರೆಕಾರ್ಡು. ಎರಡೂ ಕಡೆ ಬರೀ ನಿಮ್ಮ ಕಿಟಕಿ!"

ದೊಡ್ಡಮ್ಮ ಅಂದು ಮನೆಗೆ ನಡೆದು ಬಂದಳೋ ಹಾರಿ ಬಂದಳೋ ಅವಳಿಗೇ ನೆನಪಿಲ್ಲ. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು, "ಲೇ, ನನ್ನ ತಲೆ ಕೆಟ್ಟಿದೆಯೋ ಅವನ ತಲೆ ಕೆಟ್ಟಿದೆಯೋ ನೀನೇ ಹೇಳು," ಎಂದಳು.

ಸ್ಟುಡಿಯೋದವನಿಗೆ ನಾವು ಇಟ್ಟ ಹೆಸರು ಸೈಲೆನ್ಸ್ ಮಾಮ. ಮಾತಿಗೊಮ್ಮೆ "ಸೈಲೆನ್ಸ್!" ಎಂದು ಕಿರುಚುತ್ತಿದ್ದ. ಅವನ ಸ್ಟುಡಿಯೋ ಹಿಂದೆ ಹಾಸಿಗೆ ಅಂಗಡಿಯಾಗಿತ್ತಂತೆ. ಮಾರಾಟವಾಗದೆ ಉಳಿದ ಹಾಸಿಗೆಗಳನ್ನೇ ನಾಲ್ಕೂ ಗೋಡೆಗೆ ನಿಲ್ಲಿಸಿ ಮೊಳೆ ಹೊಡೆದಿದ್ದ. ಪಕ್ಕದಲ್ಲಿ ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಅದಕ್ಕೆ ರಜೆ ಇರುವ ಭಾನುವಾರ ಬಿಟ್ಟರೆ ಅಲ್ಲಿ ಧ್ವನಿ ಮುದ್ರಿಸುವ ಮಾತೇ ಇಲ್ಲ.

ಮೊದಲು ಬರೆದುಕೊಳ್ಳೋಣವೆಂದು ದೊಡ್ಡಮ್ಮ ಪೆನ್ನು ಹಿಡಿದಳು. ಬರೆದದ್ದನ್ನು ಓದಿದರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. ಕೊನೆಗೆ ಅವಳು ಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳುವುದು, ನಾನು ಕಚೇರಿಯಿಂದ ಕೇಳಿ ತಂದ ಹಳೇ ಯಂತ್ರದಲ್ಲಿ ಟಕಟಕ ಟೈಪ್ ಮಾಡುವುದು ಎಂದಾಯಿತು. ನಗು ತಡೆಯಲಾರದೆ ಒಂದೊಂದು ಸಾಲಿನಲ್ಲಿ ನಾನು ನಾಲ್ಕು ತಪ್ಪು ಹೊಡೆಯುತ್ತಿದ್ದೆ. ಹದಿಮೂರು ಪ್ರಹಸನಗಳಾದವು. ಅದರಲ್ಲಿ ಕಿವುಡ ತಾತನ ಪಾತ್ರ ನನಗೆ ಬಂತು. ನನ್ನ ದಪ್ಪ ದನಿಯ ಬಗ್ಗೆ ಶಾಲೆಯಲ್ಲಿ ಅವಮಾನ ಪಟ್ಟಿದ್ದೆಲ್ಲ ಒಂದೇ ದಿನಕ್ಕೆ ಮರೆತುಹೋಯಿತು.

ಶಬ್ದಗಳ ಜವಾಬ್ದಾರಿ ದೊಡ್ಡಪ್ಪನದು. ತುಕ್ಕು ಹಿಡಿದ ಬೀಗವೊಂದರಿಂದ ಟಿಕೆಟ್ ಪಂಚ್ ಆಯಿತು. ಕಬ್ಬಿಣದ ಬೀರುವಿನ ಬಾಗಿಲು ಬಸ್ಸಿನ ಬಾಗಿಲಾಯಿತು. ಎಂಜಿನ್ ಮಾತ್ರ ಸಿಗಲೊಲ್ಲದು. ಹೊಲಿಗೆ ಯಂತ್ರ ತಿರುಗಿಸಿದ್ದಾಯಿತು, ಡಬ್ಬದಲ್ಲಿ ಮೊಳೆ ಕುಲುಕಿದ್ದಾಯಿತು. ಒಂದು ಭಾನುವಾರ ಮಧ್ಯಾಹ್ನ ಸುಸ್ತಾಗಿ ದೊಡ್ಡಪ್ಪ ಸ್ಟುಡಿಯೋದ ಮೂಲೆಯಲ್ಲೇ ಅಡ್ಡಾದರು. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು. ಮೊದಲು ಎರಡು ಸಲ ಕೆಮ್ಮಿ, ಒಮ್ಮೆ ನಿಂತು, ಆಮೇಲೆ ಗುರ್ರೆಂದು ಏರು ಹತ್ತಿತು. ಸೈಲೆನ್ಸ್ ಮಾಮ ತುದಿಗಾಲಲ್ಲಿ ಹೋಗಿ ಮೈಕನ್ನು ಅವರ ಮೂಗಿನ ಹತ್ತಿರ ಹಿಡಿದ. ಆ ರೆಕಾರ್ಡಿನಲ್ಲಿ ಹೊರಡುವ ಬಸ್ಸುಗಳೆಲ್ಲ ನಮ್ಮ ದೊಡ್ಡಪ್ಪನೇ.

ಧ್ವನಿಮುದ್ರಣದ ಭಾನುವಾರ ಬಂತು. ನಗುವುದಕ್ಕೆ ಜನ ಬೇಕಲ್ಲ, ಮೂವತ್ತು ಮಂದಿಯನ್ನು ಕರೆದಿದ್ದೆವು: ರಜೆಯಲ್ಲಿದ್ದ ಡ್ರೈವರುಗಳು, ಕಂಡಕ್ಟರುಗಳು, ಅಕ್ಕಪಕ್ಕದ ಅಂಗಡಿಯವರು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಆದರೆ ನಾವು ಹೊರಡುವ ಹೊತ್ತಿಗೆ ಅವಳು ತಲೆ ಬಾಚಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಯಾರಾಗಿ ನಿಂತಿದ್ದಳು. "ಮನೇಲಿ ಒಬ್ಬಳೇ ಕೂತು ಏನ್ ಮಾಡ್ಲಿ?" ಎಂದಳು. ಮುಂದಿನ ಸಾಲಿನಲ್ಲಿ ಕೂರಿಸಿದೆವು.

ಶಬ್ದವಾಗುತ್ತದೆಂದು ಫ್ಯಾನು ನಿಲ್ಲಿಸಿದರು. ಕೆಂಪು ದೀಪ ಹೊತ್ತಿತು. "ಸೈಲೆನ್ಸ್!" ಎಂಬ ಕಿರುಚಿಗೆ ಮೂವತ್ತು ಜನ ಉಸಿರು ಬಿಗಿಹಿಡಿದರು. ಮೊದಲ ಪ್ರಹಸನ ಶುರುವಾಯಿತು, ಮುಗಿಯಿತು. ಒಬ್ಬರೂ ನಗಲಿಲ್ಲ! ಎರಡನೆಯದಕ್ಕೂ ಅದೇ ಗತಿ. ದೊಡ್ಡಮ್ಮನ ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಮಾತು ನಿಲ್ಲಿಸಿ, ಮೈಕಿನಿಂದ ಈಚೆ ಬಂದು, ನೇರವಾಗಿ ಕೇಳಿದಳು:

"ಯಾಕ್ರೀ, ಅಷ್ಟೊಂದು ಕೆಟ್ಟದಾಗಿದೆಯಾ?"

ಹಿಂದಿನ ಸಾಲಿನ ದಢೂತಿ ಕಂಡಕ್ಟರೊಬ್ಬ ಕೈ ಎತ್ತಿದ. ಅವನ ಮುಖ ಕೆಂಪಡರಿತ್ತು, ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಅರ್ಧ ಕರವಸ್ತ್ರವಿತ್ತು. ಅದನ್ನು ಈಚೆ ಎಳೆದು, "ಮೇಡಂ, ನಗ್ಬೋದಾ? ಅವ್ರು ಸೈಲೆನ್ಸ್ ಅಂದ್ರಲ್ಲ," ಎಂದ.

ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಡೆಯಿತು ನೋಡಿ, ಕಟ್ಟೆ! ತಡೆಹಿಡಿದಿದ್ದ ಎರಡು ಪ್ರಹಸನದ ನಗುವೆಲ್ಲ ಒಟ್ಟಿಗೇ ನುಗ್ಗಿತು. ಮೊದಲಿನಿಂದ ಮತ್ತೆ ಶುರು ಮಾಡಿದೆವು. ಈಗ ದೊಡ್ಡಮ್ಮನನ್ನು ಹಿಡಿಯುವವರೇ ಇಲ್ಲ. ಗಂಡಸಿನ ದನಿ, ಮುದುಕಿಯ ದನಿ, ಮೂಗಿನಲ್ಲಿ ಮಾತಾಡುವ ಗುಮಾಸ್ತನ ದನಿ, ಒಂದರಿಂದ ಇನ್ನೊಂದಕ್ಕೆ ಹಾರುತ್ತ, ಕಾಲಲ್ಲಿ ತಾಳ ಹಾಕುತ್ತ, ಕಾಗದವನ್ನು ನೋಡುವುದನ್ನೇ ಬಿಟ್ಟಳು.

ಒಂಬತ್ತನೆಯದು ನನ್ನ ಕಿವುಡ ತಾತ. ಎಂಟು ಗಂಟೆಯ ಬಸ್ಸು ಎಷ್ಟು ಗಂಟೆಗೆ ಎಂದು ತಾತ ಕೇಳುತ್ತಾನೆ, ಅವಳು ಎಂಟಕ್ಕೆ ಎನ್ನುತ್ತಾಳೆ, ತಾತ ಮತ್ತೆ ಅದನ್ನೇ ಕೇಳುತ್ತಾನೆ. ಐದನೇ ಸಲ ನಾನು ಕೇಳಿದ್ದೇ ತಡ, ಮುಂದಿನ ಸಾಲಿನಿಂದ ಒಂದು ದನಿ ಸಿಡಿಯಿತು:

"ಎಷ್ಟು ಸಲ ಹೇಳ್ಬೇಕೋ ನಿಂಗೆ? ಅವಳಿಗೇನು ಬೇರೆ ಕೆಲಸ ಇಲ್ವಾ? ಹೋಗಿ ಕೂತ್ಕೋ!"

ಅಜ್ಜಿ! ಕುರ್ಚಿಯಿಂದ ಎದ್ದೇ ಬಿಟ್ಟಿದ್ದಳು. ಸೈಲೆನ್ಸ್ ಮಾಮ ತಲೆಗೆ ಕೈ ಹೊತ್ತ. ನನಗೇನು ಧೈರ್ಯ ಬಂತೋ, ತಾತನ ದನಿಯಲ್ಲೇ ಕೇಳಿದೆ: "ನೀವ್ಯಾರಮ್ಮ?"

"ಯಾರಾ? ಅವಳ ಅತ್ತೆ! ನನ್ನ ಸೊಸೆನ ಗೋಳು ಹೊಯ್ಕೊಳ್ಳೋಕೆ ನಾನಿದ್ದೀನಿ, ನೀನು ಬೇರೆ ಯಾಕೆ?"

ಜನ ಬೆಂಚಿನಿಂದ ಕೆಳಗೆ ಬೀಳುವುದೊಂದು ಬಾಕಿ. ಆ ಗದ್ದಲದ ಮೇಲೆ ದೊಡ್ಡಮ್ಮ ತನ್ನ ನಿಲ್ದಾಣದ ದನಿ ತೆಗೆದು, ಸಾವಧಾನವಾಗಿ ಘೋಷಿಸಿದಳು: "ಪ್ರಯಾಣಿಕರ ಗಮನಕ್ಕೆ. ಅತ್ತೆಯವರು ಮೂರನೇ ಅಂಕಣಕ್ಕೆ ಆಗಮಿಸಿದ್ದಾರೆ. ದಯವಿಟ್ಟು ಎಲ್ಲರೂ ಹಿಂದೆ ಸರಿದು ನಿಲ್ಲಿ."

ಆಗ ಅಜ್ಜಿ ನಕ್ಕಳು. ಮೊದಲು ಮೂಗಿನಲ್ಲಿ ಪುಸಕ್ಕೆಂದಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತಳು. ಅವಳಿಗೆ ಅಷ್ಟು ಜೋರಾದ ನಗು ಇದೆಯೆಂದು ಅವಳ ಮಗನಾದ ದೊಡ್ಡಪ್ಪನಿಗೇ ಗೊತ್ತಿರಲಿಲ್ಲ.

ರೆಕಾರ್ಡಿನ ಒಂದು ಬದಿಗೆ ಹಿಡಿಸುವುದು ಇಪ್ಪತ್ತೆರಡು ನಿಮಿಷ. ಎರಡನೇ ಬದಿ ಇಪ್ಪತ್ತಾರು ನಿಮಿಷವಾಗಿತ್ತು. ಅಜ್ಜಿಯ ಭಾಗ ತೆಗೆದುಬಿಟ್ಟರೆ ಸುಲಭವಾಗುತ್ತೆ ಎಂದ ಸೈಲೆನ್ಸ್ ಮಾಮ. ಅದೇ ಬದಿಯಲ್ಲಿ ದೊಡ್ಡಮ್ಮ ಹೆಣ್ಣು ಮಂತ್ರಿಯ ದನಿಯಲ್ಲಿ ಬಿಗಿದ ನಾಲ್ಕು ನಿಮಿಷದ ಭಾಷಣವೂ ಇತ್ತು, ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅವಳು ಟೇಪಿನಲ್ಲಿ ಅದನ್ನೇ ಬೆರಳಿಟ್ಟು ತೋರಿಸಿ, "ಇದನ್ನ ಕತ್ತರಿಸಿ," ಎಂದಳು. ಕತ್ತರಿ ಟೇಪಿಗೆ ತಾಗುವಾಗ ಮಾತ್ರ ಆಚೆ ತಿರುಗಿ ನಿಂತಳು.

ಮೂರು ತಿಂಗಳಿಗೆ ಪರವೂರಿನ ಕಾರ್ಖಾನೆಯಿಂದ ಪೆಟ್ಟಿಗೆಗಳು ಬಂದವು. ಹೊದಿಕೆಯ ಮೇಲೆ ವಿಚಾರಣೆ ಕಿಟಕಿಯ ಚಿತ್ರ. ತೂತಿನಿಂದ ದೊಡ್ಡಮ್ಮನ ಒಂದು ಕೈ ಮಾತ್ರ ಹೊರಗೆ ಚಾಚಿ ಎಡಕ್ಕೆ ಬೆರಳು ತೋರಿಸುತ್ತಿತ್ತು. ಮೇಲೆ ದಪ್ಪಕ್ಷರದಲ್ಲಿ 'ಅದೇ ಬಸ್ಸು ಸಾಕು'. ಅವಳು ಮೊದಲ ರೆಕಾರ್ಡನ್ನು ಹೊದಿಕೆಯಿಂದ ಎಳೆದು, ಬೆಳಕಿಗೆ ಹಿಡಿದು, ಗೀರುಗಳನ್ನು ನೋಡುತ್ತ, "ಇದ್ರಲ್ಲಿ ನಾನೆಲ್ಲಿದ್ದೀನಿ? ನೀನೆಲ್ಲಿದ್ದೀಯ?" ಎಂದು ಹುಡುಕಿದಳು.

ಒಂದು ಭಯ ಉಳಿದಿತ್ತು. ಮೂರನೇ ಪ್ರಹಸನದಲ್ಲಿ ಒಬ್ಬ ಕಂಟ್ರೋಲರ್ ಬರುತ್ತಾನೆ: ಬಸ್ಸು ತಡವಾದರೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವವನು. ಅದು ಅವಳ ಮೇಲಧಿಕಾರಿಯ ಪಡಿಯಚ್ಚು, ಆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವೂ ಸೇರಿ. ಬಿಡುಗಡೆಗೆ ಎರಡು ದಿನ ಮುಂಚೆ ಅವರೇ ಅವಳನ್ನು ಕರೆಸಿಕೊಂಡರು. ಮೇಜಿನ ಮೇಲೆ ರೆಕಾರ್ಡಿತ್ತು. ಯಾರೋ ಮುಂಚಿತವಾಗಿ ಕೊಟ್ಟಿದ್ದರು.

"ಹ್ಞುಂ, ಹ್ಞುಂ. ಆ ಕಂಟ್ರೋಲರ್ ಯಾರು ಅಂತ ನಂಗೆ ಗೊತ್ತಾಯ್ತು," ಎಂದರು.

ದೊಡ್ಡಮ್ಮ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ನನಗಿಂತ ಮುಂಚೆ ಇದ್ದನಲ್ಲ, ಅವನೇ ತಾನೆ? ಹ್ಞುಂ, ಹ್ಞುಂ. ಪಾಪ, ಹೀಗೆಲ್ಲ ಮಾಡಬಾರದಿತ್ತು ನೀವು. ಇನ್ನೊಂದು ಕಾಪಿ ಸಿಗುತ್ತಾ? ನನ್ನ ಭಾವನಿಗೆ ಬೇಕಂತೆ."

ಬಿಡುಗಡೆ ನಡೆದದ್ದು ಪೇಟೆ ಬೀದಿಯ ರೆಕಾರ್ಡ್ ಅಂಗಡಿಯಲ್ಲಿ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಂಗಡಿಯವನು ಹೊರಗೆ ಬಾಗಿಲ ಮೇಲೆ ಒಂದು ಧ್ವನಿವರ್ಧಕ ಕಟ್ಟಿದ್ದ. ದೊಡ್ಡಮ್ಮ ಒಳಗೆ ಕಪಾಟಿನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಮುಳ್ಳು ಇಳಿಯಿತು. ದೊಡ್ಡಪ್ಪನ ಗೊರಕೆ ಹೊರಟಿತು. ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ನಿಂತರು. ನಾಲ್ಕು ಹತ್ತಾಯಿತು. ಎದುರಿನ ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಇದ್ದವನೊಬ್ಬ ಎದ್ದು ಬಂದ, ಹಿಂದೆಯೇ ಕತ್ತಿ ಹಿಡಿದು ಕ್ಷೌರಿಕನೂ ಬಂದ. ಎರಡನೇ ಬದಿ ಹಾಕುವ ಹೊತ್ತಿಗೆ ಬೀದಿಯಲ್ಲಿ ಸೈಕಲ್ಲು ತೂರಲು ಜಾಗವಿರಲಿಲ್ಲ.

ಅಜ್ಜಿಯ ಮಾತು ಬಂತು. "ಹೋಗಿ ಕೂತ್ಕೋ!" ಎಂದಿತು. ಮತ್ತೆ "ಹೋಗಿ ಕೂತ್ಕೋ!" ಎಂದಿತು. ಮತ್ತೆ. ಮುಳ್ಳು ಸಿಕ್ಕಿಕೊಂಡಿತ್ತು! ಸೈಲೆನ್ಸ್ ಮಾಮನ ಮುಖ ಬಿಳಿಚಿಕೊಂಡಿತು. ಆದರೆ ಜನರಿಗೆ ಅದು ತಮಾಷೆಯ ಭಾಗವೆಂದೇ ಅನ್ನಿಸಿತು. ಒಂದೊಂದು ಸಲಕ್ಕೂ ನಗು ಏರುತ್ತ ಹೋಯಿತು. ಏಳನೇ ಸಲಕ್ಕೆ ಟೋಪಿ ಹಾಕಿದ ಹಿರಿಯರೊಬ್ಬರು, "ಆಯ್ತು ತಾಯಿ, ಕೂತ್ಕೋತೀನಿ," ಎಂದು ಅಂಗಡಿ ಮೆಟ್ಟಿಲ ಮೇಲೆ ಕೂತೇ ಬಿಟ್ಟರು. ಅವರ ಪಕ್ಕದವರೂ ಕೂತರು. ಅಂಗಡಿಯವನು ಮುಳ್ಳನ್ನು ಮೆಲ್ಲಗೆ ಸರಿಸುವಷ್ಟರಲ್ಲಿ ಅರ್ಧ ಬೀದಿ ನೆಲದ ಮೇಲಿತ್ತು. ತಂದಿದ್ದ ಪೆಟ್ಟಿಗೆಗಳು ಊಟದ ಹೊತ್ತಿಗೆ ಖಾಲಿ. ಕೊಂಡವರಲ್ಲಿ ಇಬ್ಬರು, ಮುಳ್ಳು ಸಿಕ್ಕಿಕೊಳ್ಳುವ ರೆಕಾರ್ಡೇ ಬೇಕೆಂದು ಹಟ ಹಿಡಿದರು.

ಅಜ್ಜಿಗೆ ಆ ದಿನದಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ. "ಮುಂದಿನದ್ರಲ್ಲಿ ನಂಗೆ ಇನ್ನೂ ಎರಡು ಮಾತು ಹೆಚ್ಚಿಗೆ ಇರ್ಲಿ," ಎಂದು ಸೊಸೆಗೆ ತಾಕೀತು ಮಾಡಿದಳು.

ದೊಡ್ಡಮ್ಮ ಸೋಮವಾರ ಎಂದಿನಂತೆ ಕಿಟಕಿಗೆ ಹೋದಳು. ಸುಮಾರು ಎರಡು ವಾರದ ನಂತರ ಒಂದು ಸಂಜೆ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದಳಂತೆ. ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು. ಒಬ್ಬಳು ಇನ್ನೊಬ್ಬಳಿಗೆ ಹನ್ನೊಂದನೇ ಪ್ರಹಸನವನ್ನು ಹೇಳುತ್ತಿದ್ದಳು, ಗಂಡನನ್ನು ಹುಡುಕಿಕೊಂಡು ಬರುವ ಹೆಂಗಸಿನದು.

"'ನನ್ನ ಗಂಡ ಇಲ್ಲಿಗೆ ಬಂದಿದ್ರಾ?' ಅಂತ ಕೇಳ್ತಾಳೆ. 'ನೋಡೋಕೆ ಹೇಗಿದ್ದಾರಮ್ಮ?' ಅಂದ್ರೆ, ಅವಳು 'ಕೋಪದಲ್ಲಿರ್ತಾರೆ' ಅಂತಾಳೆ."

ಕೇಳುತ್ತಿದ್ದವಳು ಸುಮ್ಮನೆ ಮುಗುಳ್ನಕ್ಕಳು. ಅಷ್ಟೇ. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿದಳು.

"ಹಾಗಲ್ಲಮ್ಮ, ಅವಸರ ಮಾಡಬಾರದು. ನೋಡೋಕೆ ಹೇಗಿದ್ದಾರೆ ಅಂದ ಮೇಲೆ ಅವಳು ಸ್ವಲ್ಪ ಯೋಚನೆ ಮಾಡ್ಬೇಕು. ಎರಡು ಉಸಿರಿನಷ್ಟು. ಆಮೇಲೆ..." ದೊಡ್ಡಮ್ಮ ಎರಡು ಉಸಿರಿನಷ್ಟು ಸುಮ್ಮನಿದ್ದು, ಆ ಹೆಂಗಸಿನ ದನಿಯಲ್ಲೇ ಹೇಳಿದಳು: "ಈ ಹೊತ್ತಿಗಾ? ಈ ಹೊತ್ತಿಗೆ ಕೋಪದಲ್ಲಿರ್ತಾರೆ."

ಇಬ್ಬರೂ ಕಿಲಕಿಲನೆ ನಕ್ಕರು. ಹಿಂದಿನ ಸೀಟಿನವರೂ ನಕ್ಕರು. "ಆಂಟಿ, ನೀವೂ ಕೇಳಿದ್ದೀರಾ? ಥೇಟ್ ಅವರ ಹಾಗೇ ಹೇಳ್ತೀರಲ್ಲ!" ಎಂದಳು ಮೊದಲಿನವಳು. "ಇನ್ನೊಂದು ಹೇಳಿ ಆಂಟಿ."

"ಆ ರೆಕಾರ್ಡಿನವಳು ನಾನೇ" ಎಂದು ದೊಡ್ಡಮ್ಮ ಹೇಳಲಿಲ್ಲ. ಇನ್ನೊಂದು ಹೇಳಿದಳು. ಮತ್ತೊಂದು ಹೇಳಿದಳು. ಟಿಕೆಟ್ ಕೊಡಬೇಕಾದ ಕಂಡಕ್ಟರ್ ಬಂದು ಪಕ್ಕದಲ್ಲೇ ನಿಂತುಬಿಟ್ಟ. ಅವಳು ಇಳಿಯಬೇಕಾದ ಜಾಗ ಬಂದು ಹೋಯಿತು, ಅದರ ಮುಂದಿನದೂ ಹೋಯಿತು. ಒಂದೂವರೆ ಮೈಲಿ ನಡೆದುಕೊಂಡು ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ, ಏದುಸಿರು ಬಿಡುತ್ತ ಇದನ್ನೆಲ್ಲ ನನಗೂ ಅಜ್ಜಿಗೂ ನಿಂತಲ್ಲೇ ಆಡಿ ತೋರಿಸಿದಳು, ಹುಡುಗಿಯರ ದನಿ, ಕಂಡಕ್ಟರನ ದನಿ ಎಲ್ಲವನ್ನೂ ಸೇರಿಸಿ.