ಅಡ್ಡ ಹೊಲಿಗೆಯ ಗುಂಡಿ

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಕೈಯಲ್ಲಿ ಸದಾ ಕತ್ತರಿ ಇರುತ್ತಿದ್ದುದಕ್ಕೋ, ನಾಲಿಗೆಯೂ ಅಷ್ಟೇ ಹರಿತವಾಗಿದ್ದುದಕ್ಕೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯ ಮುಂಕೋಣೆಯೇ ಅಂಗಡಿ. ಒಂದು ಹೊಲಿಗೆ ಮಿಷನ್ನಿನ ಮುಂದೆ ಅವಳು, ಇನ್ನೊಂದರ ಮುಂದೆ ನಾದಿನಿ. ಗಂಡ ಬಸ್ ಡ್ರೈವರ್.

ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಆದ ಮದುವೆ ಅವರದು. ಮದುವೆಗೆ ಮುಂಚೆ ಈ ಮಹಾಶಯ ವಾರ ವಾರವೂ ಅಂಗಿಯ ಗುಂಡಿ ಕಿತ್ತುಕೊಂಡು ಬಂದು ಅವಳ ಮುಂದೆ ನಿಲ್ಲುತ್ತಿದ್ದ. ಅದು ತಾನಾಗಿ ಬಿದ್ದ ಗುಂಡಿಯಲ್ಲ, ಕೈಯಾರೆ ಕಿತ್ತದ್ದು ಎಂಬುದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ತಿಳಿದೂ ಹಾಕಿಕೊಟ್ಟಳು. ಪ್ರೀತಿ ಅಂದರೆ ಇನ್ನೇನು!

ಈಗ ಮನೆಯಲ್ಲಿ ಮಾತು "ಊಟ?" "ಆಯ್ತು" ಎಂಬಲ್ಲಿಗೆ ಬಂದು ನಿಂತಿತ್ತು. ಅವನು ಬರುತ್ತಿದ್ದ, ಉಣ್ಣುತ್ತಿದ್ದ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅವಳೂ ಬಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಒಂದು ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವನ ಡ್ಯೂಟಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳ ಕೈ ಎದೆಯ ಗುಂಡಿಯ ಹತ್ತಿರ ನಿಂತುಬಿಟ್ಟಿತು. ಅವಳು ಗುಂಡಿ ಹಾಕುವುದು ಎರಡು ನೇರ ಗೆರೆಯಲ್ಲಿ. ಕೊನೆಗೆ ಬುಡಕ್ಕೆ ದಾರ ಸುತ್ತಿ ಬಿಗಿಯುತ್ತಾಳೆ. ಇದರಲ್ಲಿ ದಾರ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹಾದಿತ್ತು. ಬುಡಕ್ಕೆ ಸುತ್ತೇ ಇಲ್ಲ. ನಾದಿನಿಯ ಕೈಯೂ ಅಲ್ಲ; ಅವಳಿಗೆ ಕಲಿಸಿದವಳೇ ಇವಳು.

ಅಂಗಿಯನ್ನು ನಾದಿನಿಗೂ ತೋರಿಸಿದಳು. ಯಾರ ಹತ್ತಿರ ಹಾಕಿಸಿಕೊಂಡ? ಅಂಗಿ ಬಿಚ್ಚಿ ಕೊಟ್ಟನೋ, ಮೈಮೇಲಿದ್ದಂತೆಯೇ ಹಾಕಿದಳೋ? ದಾರವನ್ನು ಹಲ್ಲಿನಿಂದ ತುಂಡರಿಸಲು ಎಷ್ಟು ಹತ್ತಿರ ಬಾಗಿರಬೇಕು?

"ಅತ್ತಿಗೆ, ಒಂದು ಗುಂಡಿ ತಾನೇ? ಅಣ್ಣನ್ನೇ ಕೇಳಿಬಿಡು," ಎಂದಳು ನಾದಿನಿ.

"ಕೇಳ್ತೀನಿ. ಬರ್ಲಿ."

ಇವನು ಇನ್ನೂ ತನ್ನವನೋ ಅಲ್ಲವೋ, ಇವತ್ತೇ ತೀರ್ಮಾನವಾಗಬೇಕಿತ್ತು ಅವಳಿಗೆ. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಅಂಗಿಯನ್ನು ಮುಖದ ಮುಂದೆ ಹಿಡಿದಳು. ನಾದಿನಿ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು.

"ಇದು ಯಾರ ಕೈ?"

"ಏನದು?"

"ಕಣ್ಣಿಗೆ ಮಣ್ಣೆರಚಬೇಡಿ. ಈ ಗುಂಡಿ ಹಾಕಿದ್ದು ಯಾರು?"

ಅವನ ಮುಖ ಕೆಂಪೇರಿತು. "ನಾನೇ."

"ಓಹೋ! ಸೂಜಿಗೆ ಯಾವ ಕಡೆ ತೂತಿದೆ ಅಂತ ಗೊತ್ತಾ ನಿಮಗೆ?" ಸೂಜಿ, ದಾರ, ಗುಂಡಿ, ಒಂದು ಚೂರು ಬಟ್ಟೆಯನ್ನು ಅವನ ಮುಂದೆ ಹಾಕಿದಳು. "ಹಾಕಿ, ನೋಡೋಣ."

ಅವನು ಕೂತ. ಆ ದಪ್ಪ ಬೆರಳುಗಳಿಗೆ ಸೂಜಿ ಸಿಗಲೊಲ್ಲದು. ದಾರ ಪೋಣಿಸುವುದರಲ್ಲೇ ಹಣೆ ಬೆವರಿತು. ಅವಳು ಉಸಿರು ಬಿಗಿಹಿಡಿದು ನೋಡಿದಳು. ಸೂಜಿ ಮೇಲೆ ಬಂತು. ಪಕ್ಕದ ತೂತು ಬಿಟ್ಟು ಮೂಲೆಯ ತೂತಿಗೆ ಇಳಿಯಿತು. ಅಡ್ಡ. ಮತ್ತೆ ಅಡ್ಡ. ಬುಡ ಸುತ್ತದೆಯೇ ಗಂಟು ಹಾಕಿದ.

ಸುಳ್ಳಲ್ಲ. ಎದೆಯ ಮೇಲಿನ ಭಾರ ಇಳಿದು ಅವಳಿಗೆ ನಗುವೇ ಬಂತು. "ಮನೇಲಿ ಎರಡೆರಡು ಮಿಷನ್ ಇಟ್ಕೊಂಡು ಇದೇನ್ರೀ ಅವತಾರ? ನನಗೆ ಹೇಳೋಕೇನಾಗಿತ್ತು?"

ಅವನು ತಲೆ ಎತ್ತಲಿಲ್ಲ. "ಹೇಳೋಣ ಅಂತ ಬಂದೆ. ನೀನು ಕೆಲಸದಲ್ಲಿದ್ದೆ. ಯಾಕೋ... ಕೇಳೋಕೆ ಸಂಕೋಚ ಆಯ್ತು."

ಅವಳ ನಗು ಅಲ್ಲೇ ನಿಂತಿತು. ದಾರಿಹೋಕರೂ ಹರಿದ ಪ್ಯಾಂಟು ತಂದು ಧೈರ್ಯವಾಗಿ ಮೇಜಿನ ಮೇಲೆ ಎಸೆಯುವ ಅಂಗಡಿ ಅದು. ಇನ್ನೊಬ್ಬಳು ಇದ್ದಿದ್ದರೆ ಹೋಗಿ ಜಡೆ ಹಿಡಿದು ಜಗಳವಾಡಬಹುದಿತ್ತು. ಈ ಸಂಕೋಚದ ಜೊತೆ ಹೇಗೆ ಜಗಳವಾಡುವುದು?

"ಚೆನ್ನಾಗಿಲ್ಲ ಅಲ್ವಾ? ಬಿಚ್ಚಿ ಹಾಕ್ಕೊಡ್ತೀಯಾ?" ಅವನು ಎದ್ದು ನಿಂತು ಕೇಳಿದ, ಗಿರಾಕಿಯ ಹಾಗೆ, ಮೇಜಿನ ಆಚೆ ಬದಿಯಿಂದ.

ಅವಳು ಅಂಗಿಯ ಗುಂಡಿ ಹಿಡಿದು ಜಗ್ಗಿದಳು. ಅದು ಅಲ್ಲಾಡಲಿಲ್ಲ.

"ಬೇಡ ಬಿಡಿ," ಎಂದಳು. "ಗಟ್ಟಿಯಾಗೇ ಇದೆ."