ಹಂಚಿಕಡ್ಡಿ ಗುಡ್ಡವನ್ನು ಹಸಿರು ಮಾಡಲು ಬಂದವರು

ಯಲ್ಲದಕೆರೆ ಕಡೆ ನಮ್ಮಕ್ಕನ ಊರಿನ ಹಿಂದೆ ಒಂದು ಗುಡ್ಡವಿದೆ. ಮರ ಕಡಿಮೆ, ಮೈತುಂಬ ಹಂಚಿಕಡ್ಡಿ ಹುಲ್ಲು. ಆ ಸೀಮೆಯ ಹೆಂಗಸರು ಪರಕೆ ಕಟ್ಟುವುದು ಇದರಲ್ಲೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಅಕ್ಕನ ಮನೆಗೆ ಹೋದಾಗಲೆಲ್ಲ ನಾನು ಆ ಗುಡ್ಡ ಹತ್ತುತ್ತಿದ್ದೆ.

ಒಂದು ಬೇಸಿಗೆಯ ಕೊನೆಗೆ ಹಿರಿಯೂರಿನ ನಮ್ಮ ಮನೆಗೆ ಹಸಿರು ಸಂಘವೊಂದರ ಅಧ್ಯಕ್ಷರು ಬಂದರು. ಕಸುಬು ಅಡಿಕೆ ವ್ಯಾಪಾರ, ಭೀಮಸಮುದ್ರದ ಕಡೆ ತೋಟ.

"ಮೇಡಂ, ಆ ಬೋಳುಗುಡ್ಡನ ಹಸಿರು ಮಾಡಾಣ ಅಂತಿದೀವಿ. ನೀವು ಬಂದು ಎರಡು ಮಾತಾಡ್ರಿ."

"ಬೋಳು ಎಲ್ಲೈತ್ರೀ? ಪೂರಾ ಹುಲ್ಲೈತಲ್ಲ."

"ಹುಲ್ಲು ಬಿಡ್ರಿ, ಅದು ತಾನಾಗೇ ಬೆಳೆಯೋದು."

ತಾನಾಗಿ ಬೆಳೆಯುವುದಕ್ಕೆ ಬೆಲೆಯಿಲ್ಲ ಎಂಬುದು ಅವರ ವೇದಾಂತ. ತೋಟಕ್ಕೆ ಬೋರಿನ ಮೇಲೆ ಬೋರು ಕೊರೆಸಿ ನೆಲದ ನೀರು ಹೀರಿದವರಿಗೆ ಯಾರದೋ ಊರಿನ ಗುಡ್ಡದ ಮೇಲೆ ಕರುಣೆ ಉಕ್ಕಿತ್ತು. ತಡೆಯಬಹುದೇನೋ ಎಂಬ ಆಸೆಯಿಂದ ಒಪ್ಪಿಕೊಂಡೆ.

ಸಮಾರಂಭದ ದಿನ ಸಂಘದವರೆಲ್ಲ ಒಂದೇ ಬಣ್ಣದ ಟೋಪಿ ಹಾಕಿ ಬಂದಿದ್ದರು. ಜೆಸಿಬಿ ಅವರಿಗಿಂತ ಮುಂಚೆಯೇ ಬಂದು ಇಳಿಜಾರಿನ ಅರ್ಧ ಹುಲ್ಲು ಕಿತ್ತು ಸಸಿಗಳಿಗೆ ನೀರು ನಿಲ್ಲಲೆಂದು ಉದ್ದುದ್ದ ಕಾಲುವೆ ತೋಡಿತ್ತು. ಅಧ್ಯಕ್ಷರು ಉಳಿದಿದ್ದ ಒಂದು ತೆನೆ ಕಿತ್ತು ಎಲ್ಲರಿಗೂ ತೋರಿಸಿದರು. "ಇದು ದರ್ಭೆ. ಪೂಜೆಗೆ ಬರ್ತೈತೆ." ಟೋಪಿಗಳೆಲ್ಲ ಭಕ್ತಿಯಿಂದ ತಲೆಯಾಡಿಸಿದವು.

ನಾನು ಆ ತೆನೆಯಿಂದ ಒಂದು ಬೀಜ ಬಿಡಿಸಿ ಅವರ ಅಂಗೈ ಮೇಲಿಟ್ಟೆ. "ದರ್ಭೆ ಅಲ್ಲ ರೀ. ತುದೀಲಿ ನೋಡ್ರಿ, ಒಂದೇ ಕಡೆಯಿಂದ ಕೂದಲಿನಂಥ ಮೂರು ಊಬು ಕವಲೊಡೆದಾವೆ. ದರ್ಭೆಗೆ ಊಬೇ ಇರಲ್ಲ. ಪಂಚೆಗೆ ಚುಚ್ಚೋ ಇನ್ನೊಂದು ಹುಲ್ಲಿಗೆ ಒಂದೇ ಊಬು, ಅದೂ ಹಗ್ಗದಂಗೆ ಹುರಿಗೊಂಡಿರ್ತದೆ. ಮೂರಿದ್ರೆ ಹಂಚಿಕಡ್ಡಿ ಜಾತಿ."

"ಹೌದಾ? ಭಾಷಣದಲ್ಲಿ ಹೇಳ್ರಿ," ಎಂದು ಅಂಗೈ ಕೊಡವಿಕೊಂಡರು.

ಭಾಷಣದಲ್ಲಿ ಹೇಳಿದೆ. ಬೇರೆ ಯಾವ ಗಿಡವೂ ಒಲ್ಲೆನೆನ್ನುವ ಗರಸು ನೆಲದಲ್ಲಿ ಈ ಹುಲ್ಲು ಬೇರಿಳಿಸಿ ಮಣ್ಣು ಹಿಡಿದಿಡುತ್ತದೆ, ಎಳೆಯದಿದ್ದಾಗ ದನಕುರಿ ಮೇಯುತ್ತವೆ, ಇದರ ಬುಡದಲ್ಲಿ ಗೌಜಲಹಕ್ಕಿ ಮೊಟ್ಟೆಯಿಡುತ್ತದೆ ಎಂದೆ. ಬಲಿತ ಊಬು ಕುರಿಗಳ ಉಣ್ಣೆಗೂ ಕಣ್ಣಿಗೂ ಕಾಟ ಎಂಬುದನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ಇದನ್ನ ಕಿತ್ತು ಇಲ್ಲಿ ಸಸಿ ನೆಡೋದು ಶುದ್ಧ ದಡ್ಡತನ," ಎಂದೂ ಹೇಳಿದೆ. ಜೋರು ಚಪ್ಪಾಳೆ ಬಿತ್ತು. ಯಾರೂ ಕೇಳಿಸಿಕೊಂಡಿರಲಿಲ್ಲ. ನನಗೆ ಶಾಲು ಹೊದಿಸಿ, ಫೋಟೋ ತೆಗೆದು, ಸಸಿ ನೆಟ್ಟು, ಸಂಘದ ಬೋರ್ಡು ನಿಲ್ಲಿಸಿ, ಉಪ್ಪಿಟ್ಟು ತಿಂದು ಹೊರಟರು. ಪ್ಲಾಸ್ಟಿಕ್ ತಟ್ಟೆಗಳನ್ನು ಮಾತ್ರ ಗುಡ್ಡಕ್ಕೇ ದಾನ ಮಾಡಿ ಹೋದರು.

ಮೊದಲ ದೊಡ್ಡ ಮಳೆಗೆ ಕಾಲುವೆಯ ದಂಡೆ ಒಡೆಯಿತು. ಕೆಂಪು ಮಣ್ಣು ಸಸಿಗಳ ಸಮೇತ ಜಾರಿ, ದನಗಳು ನೀರು ಕುಡಿಯುವ ಗೋಕಟ್ಟೆಗೆ ಬಂದು ತುಂಬಿಕೊಂಡಿತು. ಅಕ್ಕ ಫೋನು ಮಾಡಿ, "ನಿನ್ನ ಶಾಲಿನೋರ್ನ ಕರ್ಕಂಡ್ ಬಾರೆ, ಹೂಳು ಎತ್ಲಿ," ಎಂದಳು. ಅಧ್ಯಕ್ಷರಿಗೆ ಹೇಳಿದರೆ, "ಈ ಸಲ ಮಳೆನೇ ಸರಿ ಇಲ್ಲ ಮೇಡಂ," ಎಂದರು. ತಪ್ಪು ಮಳೆಯದು!

ಊರಿನವರೇ ಹೂಳೆತ್ತಿದರು. ಮಳೆಗಾಲ ಕಳೆದು ಹುಲ್ಲು ಬಲಿತ ಮೇಲೆ, ಗುಡ್ಡದ ನೆತ್ತಿಯಲ್ಲಿ ಉಳಿದಿದ್ದ ಹಂಚಿಕಡ್ಡಿಯನ್ನು ನಾನೂ ಅಕ್ಕನೂ ಕೊಯ್ದೆವು. ತೆನೆಸಮೇತ ಅದನ್ನು ಒಡೆದ ದಂಡೆಯುದ್ದಕ್ಕೂ ಹರಡಿ ಮೇಲೆ ಕಲ್ಲು ಹೇರಿದೆವು. ಬೀಜ ಉದುರಿದರೆ ಅದರ ಚೂಪು ಮೂತಿ ಮಣ್ಣಿನ ಬಿರುಕಿಗೆ ಇಳಿಯುತ್ತದೆ, ಊಬುಗಳು ಅದನ್ನು ಅಲ್ಲೇ ತಡೆದು ನಿಲ್ಲಿಸುತ್ತವೆ. ಬಿತ್ತನೆಯ ಕೆಲಸ ಹುಲ್ಲೇ ಮಾಡಿಕೊಳ್ಳುತ್ತದೆ.

"ಯಾರಾರ ನೋಡಿದ್ರೆ ಅಕ್ಕತಂಗೀರಿಗೆ ತಲೆ ಕೆಟ್ಟೈತೆ ಅಂತಾರೆ," ಎಂದು ಅಕ್ಕ ನಕ್ಕಳು.

"ಅನ್ಲಿ ಬಿಡು. ತಲೆ ನೆಟ್ಟಗಿರೋರ ಕೆಲಸ ನೋಡಿದ್ವಲ್ಲ."

ಮುಂದಿನ ಮಳೆಗಾಲಕ್ಕೆ ದಂಡೆಯ ಮೇಲೆ ಹುಲ್ಲು ಸಾಲುಸಾಲಾಗಿ ಎದ್ದಿತು, ಗೋಕಟ್ಟೆಗೆ ಬರುವ ನೀರು ತಿಳಿಯಾಯಿತು. ಸಂಘದ ಸಸಿಗಳಲ್ಲಿ ಉಳಿದದ್ದು ಅವುಗಳ ಬೋರ್ಡು ಮಾತ್ರ. ಒಂದು ದಿನ ಅಧ್ಯಕ್ಷರು ಕ್ಯಾಮೆರಾದವನ ಜೊತೆ ಬಂದು ಆ ಬೋರ್ಡಿನ ಪಕ್ಕ ನಿಂತರು. ನಾನೂ ಅಕ್ಕನೂ ಅಲ್ಲೇ ಇದ್ದೆವು.

"ನೋಡ್ರಿ ಮೇಡಂ, ಹೆಂಗೆ ಹಸಿರಾಗೈತೆ! ನಾವ್ ಮಾಡಿದ್ದು ಫಲ ಕೊಡ್ತು."

"ಅದು ಹುಲ್ಲು ರೀ. ನೀವು ಕಿತ್ತು ಹಾಕಿಸಿದ ಹುಲ್ಲು."

ಅವರು ಕ್ಯಾಮೆರಾದವನಿಗೆ, "ಬೋರ್ಡು ಕಾಣಂಗೆ ತೆಗಿಯಪ್ಪ," ಎಂದರು.

ಅಕ್ಕ ಹತ್ತಿರ ಬಂದು ಅವರಿಗೇ ಕೇಳುವಂತೆ ಹೇಳಿದಳು: "ಬೋರ್ಡು ಇಟ್ಕಳ್ಳಿ ಬಿಡ್ರಿ ಪಾಪ. ಜೆಸಿಬಿ ಮಾತ್ರ ಇನ್ನೊಂದ್ ಸಲ ಈ ಕಡೆ ತಂದ್ರೆ ಊರೋರೆಲ್ಲ ಅಡ್ಡ ಕುಂತ್ಕಂತೀವಿ."

ಈ ಮಾತಿಗೆ ಚಪ್ಪಾಳೆ ಬೀಳಲಿಲ್ಲ. ಆದರೆ ಜೆಸಿಬಿ ಮತ್ತೆ ಬರಲಿಲ್ಲ.